ದಿನ ತುಂಬದೆ ಹುಟ್ಟಿದ ಮಗುವಿನ ನಿದ್ದೆ



ಮಗು ನಿದ್ದೆಯಲ್ಲಿ ನಗುತ್ತದೆ, ತುಟಿ ಅಲುಗಿಸುತ್ತದೆ, ಕೈಕಾಲು ಎಳೆಯುತ್ತದೆ. ದೃಷ್ಟಿಯಾಗಿದೆ ಎಂದು ಹೆದರಬೇಡಿ. ಇದು ಚುರುಕು ನಿದ್ದೆ. ನವಜಾತ ಶಿಶು ದಿನಕ್ಕೆ ಸುಮಾರು 16 ಗಂಟೆ ಮಲಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಚುರುಕು ನಿದ್ದೆ, ಉಳಿದದ್ದು ಶಾಂತ ನಿದ್ದೆ. ಮಗು ಮಲಗಿದ್ದರೂ ಮಿದುಳು ಸುಮ್ಮನಿರುವುದಿಲ್ಲ. ನರಕೋಶಗಳ ಜೋಡಣೆ ಆಗಲೂ ನಡೆಯುತ್ತಿರುತ್ತದೆ.

ಹುಟ್ಟಿದ ಸಮಯಕ್ಕೂ ನಿದ್ದೆಗೂ ಏನು ಸಂಬಂಧ?

37 ವಾರ ತುಂಬುವ ಮೊದಲೇ ಹುಟ್ಟಿದ ಮಗುವಿನ ಮಿದುಳು ಗರ್ಭದಲ್ಲಿ ಮುಗಿಸಬೇಕಾದ ಕೆಲಸವನ್ನು ಹೊರಗೆ ಮುಂದುವರಿಸುತ್ತದೆ. ಇ.ಇ.ಜಿ. ಪರೀಕ್ಷೆಯಲ್ಲಿ ಇದು ಕಾಣುತ್ತದೆ. ಬಹಳ ಬೇಗ ಹುಟ್ಟಿದ ಮಗುವಿನ ಮಿದುಳಿನ ಅಲೆಗಳು ಬಿಟ್ಟು ಬಿಟ್ಟು ಬರುತ್ತವೆ. ವಾರಗಳು ಕಳೆದಂತೆ ನಡುವಿನ ಬಿಡುವು ಕಡಿಮೆಯಾಗುತ್ತದೆ. ಶಾಂತ ನಿದ್ದೆಯ 'ಸ್ಪಿಂಡಲ್' ಅಲೆಗಳು ದಿನ ತುಂಬಿದ ಮಗುವಿನಲ್ಲಿ ಸುಮಾರು 2 ತಿಂಗಳಿಗೆ ಮೂಡುತ್ತವೆ.

ಆದ್ದರಿಂದ ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ವಯಸ್ಸು ಎಣಿಸಿ. 2 ತಿಂಗಳು ಮೊದಲೇ ಹುಟ್ಟಿದ ಮಗುವಿಗೆ ಈಗ 4 ತಿಂಗಳಾಗಿದ್ದರೆ, ಬೆಳವಣಿಗೆಯ ಲೆಕ್ಕಕ್ಕೆ ಅದು 2 ತಿಂಗಳ ಮಗು. ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸಿ ಕೊರಗಬೇಡಿ. ಲಸಿಕೆಗಳನ್ನು ಮಾತ್ರ ಹುಟ್ಟಿದ ದಿನದಿಂದಲೇ ಲೆಕ್ಕ ಹಾಕಿ ಹಾಕಿಸಿ.

ಹುಟ್ಟುವಾಗ ಉಸಿರುಗಟ್ಟಿದ್ದರೆ ಅಥವಾ ಕಾಮಾಲೆ ತೀವ್ರವಾಗಿದ್ದರೆ ಮಿದುಳಿಗೆ ಪೆಟ್ಟಾಗಬಹುದು. ಅಂಥ ಮಗುವನ್ನು ಹೇಳಿದ ದಿನ ತಪ್ಪದೆ ತಪಾಸಣೆಗೆ ತನ್ನಿ.

ನೀವು ಮಾಡಬೇಕಾದದ್ದು

* ತೂಕ 2.5 ಕಿಲೋಗಿಂತ ಕಡಿಮೆ ಇದ್ದರೆ ಮಗುವನ್ನು ಬರಿ ಎದೆಗೆ ಅಪ್ಪಿ ಬಟ್ಟೆ ಸುತ್ತಿಕೊಳ್ಳಿ. ಇದೇ ಕಾಂಗರೂ ಆರೈಕೆ. ಮಗು ಬೆಚ್ಚಗಿದ್ದು ಹೆಚ್ಚು ಹೊತ್ತು ಶಾಂತವಾಗಿ ನಿದ್ರಿಸುತ್ತದೆ. ದಿನಕ್ಕೆ 8 ರಿಂದ 24 ಗಂಟೆ ಹೀಗೆ ಇಟ್ಟುಕೊಳ್ಳಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ತಂದೆ, ಅಜ್ಜಿಯೂ ಸರದಿಯಲ್ಲಿ ಮಾಡಬಹುದು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಸರ್ಕಾರದೊಂದಿಗೆ ಸೇರಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೂ ನಡೆಸಿ ತೋರಿಸಿದೆ.
* ಎದೆಹಾಲು ಮಾತ್ರ ಕೊಡಿ. ಸಣ್ಣ ಮಗು ತಾನಾಗಿ ಏಳದಿದ್ದರೆ 2-3 ಗಂಟೆಗೊಮ್ಮೆ ಎಬ್ಬಿಸಿ ಹಾಲೂಡಿಸಿ.
* ಬೇರೆಯಾಗಿ ಮಲಗಿಸುವಾಗ ಅಂಗಾತ ಮಲಗಿಸಿ. ದಿಂಬು ಬೇಡ. ಸಾಂಬ್ರಾಣಿ ಹೊಗೆ ಬೇಡ.
* ರಾತ್ರಿ ದೀಪ ಮಂದವಿರಲಿ, ಟಿ.ವಿ. ಸದ್ದು ಬೇಡ.

ಕೂಡಲೇ ಆಸ್ಪತ್ರೆಗೆ ಬನ್ನಿ

ಎಬ್ಬಿಸಿದರೂ ಏಳದೆ ಹಾಲು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಉಸಿರು ನಿಂತು ನಿಂತು ಬಂದರೆ, ಅಂಗೈ ಅಂಗಾಲು ಹಳದಿಯಾದರೆ, ಕೈ ಹಿಡಿದರೂ ನಡುಕ ನಿಲ್ಲದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. "ಪಾಪ, ಮಲಗಿದೆ" ಎಂದು ಬಿಡಬೇಡಿ. 108ಕ್ಕೆ ಕರೆ ಮಾಡಿ.