ಅಂತರರಾಷ್ಟ್ರೀಯ ತಾಂತ್ರಿಕ ಸಮ್ಮೇಳನಗಳ ವೆಚ್ಚ ಹಂಚಿಕೆ

ಅಂತರರಾಷ್ಟ್ರೀಯ ತಾಂತ್ರಿಕ ಸಮ್ಮೇಳನಗಳ ವೆಚ್ಚ ಹಂಚಿಕೆ ಎಂದರೆ ವಿಜ್ಞಾನ ಹಾಗೂ ತಂತ್ರಜ್ಞಾನ ಕ್ಷೇತ್ರದ ಜಾಗತಿಕ ಸಮಾವೇಶಗಳಿಗೆ ತಗಲುವ ಖರ್ಚನ್ನು ಆತಿಥೇಯ ದೇಶ, ಮಾತೃಸಂಸ್ಥೆ, ಪ್ರಾಯೋಜಕರು ಮತ್ತು ಪ್ರತಿನಿಧಿಗಳು ಹೊರುವ ಕ್ರಮ. ಜಗತ್ತಿನ ಬೇರೆ ಬೇರೆ ಪ್ರದೇಶಗಳಿಗೆ ಈ ಹೊರೆಯು ನ್ಯಾಯವಾಗಿ ಹಂಚಿಕೆಯಾಗುತ್ತಿದೆಯೇ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

ವೆಚ್ಚದ ಸ್ವರೂಪ

ಸಭಾಂಗಣದ ಬಾಡಿಗೆ, ಊಟೋಪಚಾರ, ಧ್ವನಿ ಮತ್ತು ಬೆಳಕಿನ ವ್ಯವಸ್ಥೆ, ಸ್ಥಳೀಯ ಸಾರಿಗೆ, ಭದ್ರತೆ ಮುಂತಾದವು ಸಂಘಟಕರ ಲೆಕ್ಕಪುಸ್ತಕದಲ್ಲಿ ನಮೂದಾಗುವ ವೆಚ್ಚಗಳು. ನೋಂದಣಿ ಶುಲ್ಕ, ಸರ್ಕಾರದ ಅನುದಾನ ಮತ್ತು ಪ್ರಾಯೋಜಕರ ಕೊಡುಗೆಗಳಿಂದ ಇವನ್ನು ಭರಿಸಲಾಗುತ್ತದೆ. ಆದರೆ ಪ್ರತಿನಿಧಿಯು ತೆರುವ ವಿಮಾನ ದರ, ವೀಸಾ ಶುಲ್ಕ, ವಸತಿ ವೆಚ್ಚಗಳು ಆ ಪುಸ್ತಕದಲ್ಲಿ ಕಾಣಿಸುವುದಿಲ್ಲ. ದೂರದ ಹಾಗೂ ಬಡ ದೇಶಗಳ ಸಂಶೋಧಕರ ಮೇಲೆ ಹೆಚ್ಚಿನ ಭಾರ ಬೀಳುವುದು ಈ ಕಾಣದ ಬಾಬಿನಲ್ಲಿಯೇ. ಊರಹಬ್ಬಕ್ಕೆ ಮನೆಗಿಷ್ಟು ಎಂದು ವಂತಿಗೆ ಎತ್ತಿದರೆ ಎಲ್ಲರೂ ಸಮಾನವಾಗಿ ಕೊಟ್ಟಂತೆ ತೋರುತ್ತದೆ. ಕೂಲಿಯವನ ಮನೆಗೂ ಜಮೀನ್ದಾರನ ಮನೆಗೂ ಅದರ ಭಾರ ಮಾತ್ರ ಒಂದೇ ಅಲ್ಲ. ಏಕರೂಪದ ನೋಂದಣಿ ಶುಲ್ಕದ ಸ್ಥಿತಿಯೂ ಇದೇ.

ವಿಶ್ವಸಂಸ್ಥೆಯ ಅಂಗಗಳು ತಮ್ಮ ಕೇಂದ್ರಸ್ಥಾನದ ಹೊರಗೆ ಸಭೆ ಸೇರುವಾಗ ಅದರಿಂದಾಗುವ ಹೆಚ್ಚುವರಿ ವೆಚ್ಚವನ್ನು ಆಹ್ವಾನಿಸಿದ ಸರ್ಕಾರವೇ ಭರಿಸಲು ಒಪ್ಪಬೇಕೆಂದು ಮಹಾಸಭೆಯ 1985ರ 40/243ನೇ ನಿರ್ಣಯವು ಹೇಳುತ್ತದೆ. ನಿಯಮ ಸ್ಪಷ್ಟವಾಗಿದೆ. ಆದರೆ ಹಣವುಳ್ಳ ಸರ್ಕಾರಗಳಷ್ಟೇ ಆಹ್ವಾನ ನೀಡಬಲ್ಲವು ಎಂಬ ಫಲವೂ ಅದರಿಂದ ಒದಗುತ್ತದೆ.

ಮೈಸೂರಿನ ನಿದರ್ಶನ

ಕರ್ನಾಟಕದಲ್ಲಿ ಈ ವಿಷಯಕ್ಕೆ ಉತ್ತಮ ನಿದರ್ಶನವೆಂದರೆ ಕೋಸ್ಪಾರ್ ಎಂಬ ಬಾಹ್ಯಾಕಾಶ ಸಂಶೋಧನಾ ಸಮಿತಿಯ 39ನೆಯ ವೈಜ್ಞಾನಿಕ ಸಮ್ಮೇಳನ. ಅದು 2012ರ ಜುಲೈ 14ರಿಂದ 22ರವರೆಗೆ ಮೈಸೂರಿನ ಇನ್ಫೋಸಿಸ್ ಆವರಣದಲ್ಲಿ ಜರುಗಿತು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಆತಿಥ್ಯ ವಹಿಸಿತ್ತು. ಸರ್ಕಾರಿ ಸಂಸ್ಥೆಯೊಂದರ ಹೊಣೆಗಾರಿಕೆಯೂ ಖಾಸಗಿ ಕಂಪನಿಯೊಂದರ ಸಿದ್ಧ ಸಭಾಂಗಣಗಳೂ ಇಲ್ಲಿ ಒಂದುಗೂಡಿದವು. ಸಾವಿರಾರು ಮಂದಿ ಉಳಿದುಕೊಂಡು ತರಬೇತಿ ಪಡೆಯುವ ಇಂತಹ ಆವರಣವಿಲ್ಲದ ಮಧ್ಯಮ ಗಾತ್ರದ ನಗರಕ್ಕೆ ಇಷ್ಟು ದೊಡ್ಡ ಸಮ್ಮೇಳನವನ್ನು ನಡೆಸುವುದು ಸುಲಭಸಾಧ್ಯವಲ್ಲ. ಆದರೂ ವಿದೇಶಗಳಿಂದ ಬೆಂಗಳೂರಿನ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬಂದಿಳಿದವರಿಗೆ ಮೈಸೂರಿನವರೆಗಿನ ರಸ್ತೆ ಪ್ರಯಾಣ ಮತ್ತೆ ಬಾಕಿಯಿರುತ್ತಿತ್ತು.

ಕೋಸ್ಪಾರ್ ಸ್ಥಾಪನೆಯಾದದ್ದು 1958ರಲ್ಲಿ. ಭಾರತದಲ್ಲಿ ಅದರ ಮೊದಲ ಸಮ್ಮೇಳನ 1979ರಲ್ಲಿ ಬೆಂಗಳೂರಿನಲ್ಲಿ ನಡೆಯಿತು, ಮೈಸೂರಿನದು ಎರಡನೆಯದು. ಇವೆರಡರ ನಡುವೆ, 1980ರ ಬುಡಾಪೆಸ್ಟ್‌ನಿಂದ 2010ರ ಬ್ರೆಮೆನ್‌ವರೆಗೆ, 16 ಸಮ್ಮೇಳನಗಳು ನಡೆದಿವೆ. ಅವುಗಳಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕಗಳ ಹೊರಗೆ ನಡೆದವು ಎರಡೇ: 1998ರ ನಗೋಯಾ ಮತ್ತು 2006ರ ಬೀಜಿಂಗ್ ಸಮ್ಮೇಳನಗಳು. ಅಂದರೆ ಉಳಿದ 14 ಬಾರಿಯೂ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕಗಳ ವಿಜ್ಞಾನಿಗಳೇ ಖಂಡಾಂತರ ಪ್ರಯಾಣದ ವೆಚ್ಚವನ್ನು ಹೊತ್ತರು. ಆತಿಥೇಯ ದೇಶವು ಎಷ್ಟು ಖರ್ಚು ಮಾಡಿತು ಎಂಬುದನ್ನಷ್ಟೇ ನೋಡಿದರೆ ಈ ಅಸಮತೆ ಗಮನಕ್ಕೆ ಬಾರದು.

ಸರದಿ ಪದ್ಧತಿ

ಪ್ರಯಾಣದ ಹೊರೆಯನ್ನು ಹಂಚಲು ಸ್ಥಳವನ್ನು ಸರದಿಯಂತೆ ಬದಲಿಸುವುದು ಹಳೆಯ ಉಪಾಯ. ನಮ್ಮ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವೂ ಊರಿಂದೂರಿಗೆ ಸಾಗುತ್ತದೆ. ಅಂತರಜಾಲದ ತಾಂತ್ರಿಕ ಮಾನಕಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆಯು ವರ್ಷದ ತನ್ನ ಮೂರು ಸಭೆಗಳನ್ನು ಉತ್ತರ ಅಮೆರಿಕ, ಯುರೋಪ್ ಮತ್ತು ಏಷ್ಯಾಗಳಲ್ಲಿ ತಲಾ ಒಂದರಂತೆ ನಡೆಸುವ ನೀತಿಯನ್ನು ಹೊಂದಿದೆ. ಸಭೆಗಳಿಗೆ ಹೆಚ್ಚಾಗಿ ಬರುವವರು ಎಲ್ಲಿಯವರೋ ಅಲ್ಲಿಗೇ ಸಭೆ ಹೋಗಬೇಕೆಂಬುದು ಇದರ ತರ್ಕ. 2016ರಲ್ಲಿ ಅದು ಬ್ಯೂನಸ್ ಐರಿಸ್‌ನಲ್ಲಿಯೂ ಸೇರಿತ್ತು; ಆದರೆ ದಕ್ಷಿಣ ಅಮೆರಿಕಕ್ಕಾಗಲಿ ಆಫ್ರಿಕಾಕ್ಕಾಗಲಿ ಸರದಿಯಲ್ಲಿ ಖಾಯಂ ಸ್ಥಾನವಿಲ್ಲ. ಬರಲಾಗದವರನ್ನು ಬಾರದವರೆಂದು ಎಣಿಸಿದಂತಾಗುವುದು ಈ ತರ್ಕದ ದೌರ್ಬಲ್ಯ.

ಸಹಾಯಧನ

ಸಭೆಯು ದೂರದಲ್ಲಿದ್ದಾಗ ಪ್ರತಿನಿಧಿಗಳಿಗೆ ಪ್ರಯಾಣ ಸಹಾಯಧನ ನೀಡುವುದು ಇನ್ನೊಂದು ಮಾರ್ಗ. ಡೆಬಿಯನ್ ಎಂಬ ಮುಕ್ತ ತಂತ್ರಾಂಶ ಯೋಜನೆಯ ವಾರ್ಷಿಕ ಸಮ್ಮೇಳನವು 2023ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯಲ್ಲಿ ನಡೆಯಿತು. ಪ್ರಾಯೋಜಕರ ಹಣದಿಂದ ಅರ್ಹರಿಗೆ ಊಟ, ವಸತಿ ಮತ್ತು ಪ್ರಯಾಣದ ನೆರವು ನೀಡುವುದು ಆ ಸಮ್ಮೇಳನದ ಪದ್ಧತಿ. ಕೆಲವು ಸಂಘಟನೆಗಳು ದೇಶದ ಆದಾಯಮಟ್ಟಕ್ಕನುಗುಣವಾಗಿ ಶುಲ್ಕ ನಿಗದಿಪಡಿಸುತ್ತವೆ. ಶುಲ್ಕ ರಿಯಾಯಿತಿಗಿಂತ ಪ್ರಯಾಣದ ನೆರವೇ ಹೆಚ್ಚು ಉಪಯುಕ್ತ. ಏಕೆಂದರೆ ದೂರದಿಂದ ಬರುವವನಿಗೆ ಅನೇಕ ವೇಳೆ ಟಿಕೆಟ್ಟಿನ ಬೆಲೆಯೇ ಶುಲ್ಕವನ್ನು ಮೀರಿಸುತ್ತದೆ. ಮರುಪಾವತಿಯ ಕ್ರಮವಿದ್ದಲ್ಲಿ ಹಣವನ್ನು ಮೊದಲು ಕೈಯಿಂದ ಹಾಕಬೇಕಾಗುವುದರಿಂದ ವಿದ್ಯಾರ್ಥಿಗಳಿಗೆ ಅದೂ ಕಷ್ಟವೇ.

ನಷ್ಟದ ಹೊಣೆ

ಸಮ್ಮೇಳನ ರದ್ದಾದರೆ ಮುಂಗಡವಾಗಿ ವ್ಯಯವಾದ ಹಣ ಯಾರದು ಎಂಬುದನ್ನು ಒಪ್ಪಂದದಲ್ಲಿ ಮೊದಲೇ ನಮೂದಿಸಬೇಕಾಗುತ್ತದೆ. 2016ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆಯಬೇಕಿದ್ದ ಕೋಸ್ಪಾರ್ ಸಮ್ಮೇಳನವು ಟರ್ಕಿಯ ಕ್ಷಿಪ್ರಕ್ರಾಂತಿ ಯತ್ನದ ತರುವಾಯ ರದ್ದಾಯಿತು. 2020ರ ಸಿಡ್ನಿ ಸಮ್ಮೇಳನವು ಕೋವಿಡ್ ಕಾರಣದಿಂದ 2021ರ ಆರಂಭಕ್ಕೆ ಮುಂದೂಡಲ್ಪಟ್ಟು, ಬಹುಪಾಲು ಪ್ರತಿನಿಧಿಗಳು ಅಂತರಜಾಲದ ಮೂಲಕವೇ ಭಾಗವಹಿಸಿದರು. ಆನ್‌ಲೈನ್ ಭಾಗವಹಿಸುವಿಕೆಯು ಪ್ರಯಾಣದ ವೆಚ್ಚವನ್ನು ಇಲ್ಲವಾಗಿಸುತ್ತದೆ. ಆದರೆ ಕಾಲಮಾನದ ವ್ಯತ್ಯಾಸದಿಂದ ಯಾವ ಪ್ರದೇಶದವರು ನಡುರಾತ್ರಿಯಲ್ಲಿ ಎಚ್ಚರವಿರಬೇಕು ಎಂಬ ಪ್ರಶ್ನೆ ಅಲ್ಲಿಯೂ ಎದುರಾಗುತ್ತದೆ.