ಗಿಟಾರ್ ಯಾರ ಮನೆಯಿಂದ ಬಂತು?

ನಂಜನಗೂಡು, ತಿ. ನರಸೀಪುರ ಸೀಮೆಯ ಹದಿನಾರು ಎಂಬ ಊರಿಗೆ ವಂಶದ ಮಾತು ಹೊಸದಲ್ಲ. ದ್ವಾರಕೆ ಕಡೆಯಿಂದ ಬಂದ ಯದುರಾಯ, ಕೃಷ್ಣರಾಯ ಎಂಬ ಅಣ್ಣತಮ್ಮಂದಿರು ಇಲ್ಲಿನ ಪಾಳೆಯಗಾರನ ಮನೆಯವರನ್ನು ಕಾರುಗಹಳ್ಳಿಯ ಮಾರನಾಯಕನಿಂದ ಕಾಪಾಡಿದರು, ಯದುರಾಯ ಆ ಮನೆಯ ಅಳಿಯನಾದ, 1399ರಲ್ಲಿ ಮೈಸೂರು ಅರಸೊತ್ತಿಗೆ ಹುಟ್ಟಿತು ಎನ್ನುತ್ತದೆ ಐತಿಹ್ಯ. ದ್ವಾರಕೆಯ ನಂಟು ಎಷ್ಟು ನಿಜ ಎಂಬ ಚರ್ಚೆ ಇತಿಹಾಸಕಾರರಲ್ಲಿ ಇನ್ನೂ ಮುಗಿದಿಲ್ಲ. ಹೆಸರು ಮಾಡಿದವರ ಬೇರು ಕೆದಕುವ ಈ ಅಭ್ಯಾಸ ರಾಕ್ ಗಾಯಕರನ್ನೂ ಬಿಟ್ಟಿಲ್ಲ. ಮಾದೇಶ್ವರನ ಹಾಡನ್ನು ಗಿಟಾರಿಗೆ ಹೊಂದಿಸಿದ ರಘು ದೀಕ್ಷಿತ್ ಯಾರ ಕಡೆಯವರು? ಕಲಿತದ್ದೆಲ್ಲಿ?

ಕೆಲವರ ವಿಷಯದಲ್ಲಿ ಶಾಲೆಯೇ ಉತ್ತರ ಕೊಡುತ್ತದೆ. ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ ಜಂಜಿಬಾರ್‌ನಲ್ಲಿ ಹುಟ್ಟಿದ ಪಾರ್ಸಿ ಹುಡುಗ ಫಾರೂಖ್ ಬಲ್ಸಾರಾ. ಅವನು ಮೊದಲ ತಂಡ ಕಟ್ಟಿದ್ದೇ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯಲ್ಲಿ. ರಘು ವಿಷಯದಲ್ಲಿ ದಾಖಲೆ ಅಷ್ಟು ಸಲೀಸಾಗಿ ದಾರಿ ತೋರುವುದಿಲ್ಲ. 1974ರಲ್ಲಿ ಹುಟ್ಟಿದ್ದು ನಾಸಿಕ್‌ನಲ್ಲಿ, ಬೆಳೆದದ್ದು ಮೈಸೂರಿನ ಸಂಪ್ರದಾಯಸ್ಥ ಮನೆಯಲ್ಲಿ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ, ಜೊತೆಗೆ ಚಿನ್ನದ ಪದಕ; ಭರತನಾಟ್ಯದಲ್ಲಿ ವಿದ್ವತ್. ಗಿಟಾರಿಗೆ ಮಾತ್ರ ಯಾವ ಸರ್ಟಿಫಿಕೇಟೂ ಇಲ್ಲ. ಭರತನಾಟ್ಯ ಹೆಣ್ಣುಮಕ್ಕಳ ಕೆಲಸ ಎಂದು ಕಾಲೇಜಿನಲ್ಲಿ ಒಬ್ಬರು ಹಂಗಿಸಿದಾಗ ಛಲಕ್ಕೆ ಬಿದ್ದು ಗಿಟಾರ್ ಕಲಿತೆ ಎಂದು ಅವರೇ ಹೇಳಿಕೊಂಡಿದ್ದಾರೆ. ತಮ್ಮ ವಾಸು ದೀಕ್ಷಿತ್ ಸ್ವರಾತ್ಮ ತಂಡದ ಗಾಯಕ. ಒಂದೇ ಮನೆಯಿಂದ ಎರಡು ರಾಕ್ ತಂಡಗಳು ಹೊರಟವು ಅಂದಮೇಲೆ ಮನೆತನದ ಪಾಲಿಲ್ಲ ಎನ್ನುವಂತೆಯೂ ಇಲ್ಲ.

ನನಗೆ ಕಾಣುವ ಗಟ್ಟಿ ಸಾಕ್ಷಿ ಅವರ ಕಾಲಲ್ಲಿದೆ. ಬಣ್ಣದ ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ವೇದಿಕೆಗೆ ಬರುತ್ತಾರೆ. ಗಿಟಾರ್ ನುಡಿಸುತ್ತಲೇ ನೆಲ ತಟ್ಟುವ ಆ ಹೆಜ್ಜೆಯಲ್ಲಿ ಭರತನಾಟ್ಯದ ಪಾಠ ಕಾಣುತ್ತದೆ. ಯಾವ ಕಲೆಗಾಗಿ ಹಂಗಿಸಿಕೊಂಡರೋ ಅದನ್ನು ಅವರು ಬಿಡಲೇ ಇಲ್ಲ.

ಹಾಡುಗಳ ಬೇರು ಇನ್ನೂ ದೂರ ಹೋಗುತ್ತದೆ. 2008ರ ಮೊದಲ ಆಲ್ಬಮ್‌ನಲ್ಲೇ ಶಿಶುನಾಳ ಷರೀಫರ ತತ್ವಪದಗಳಿವೆ. ಮುಲ್ಕಿ ಪರೀಕ್ಷೆ ಪಾಸು ಮಾಡಿ ಮೇಷ್ಟ್ರಾಗಿದ್ದ ಷರೀಫರು ತತ್ವಪದದ ದಾರಿ ಹಿಡಿದದ್ದು ಕಳಸದ ಗೋವಿಂದಭಟ್ಟರ ಶಿಷ್ಯರಾಗಿ. ಮುಸ್ಲಿಂ ಮನೆಯ ಮಗ, ಬ್ರಾಹ್ಮಣ ಗುರು. ಮನೆತನ ಮತ್ತು ಶಾಲೆ ಎರಡನ್ನೇ ನೋಡಿದವರಿಗೆ ಷರೀಫರು ಸಿಕ್ಕುತ್ತಲೇ ಇರಲಿಲ್ಲ.

ಆ ಆಲ್ಬಮ್ ಬಂದ ವರ್ಷವೇ ‘ಸೈಕೋ’ ಚಿತ್ರಕ್ಕೆ ರಘು ಮಾಡಿದ ಮಾದೇಶ್ವರನ ಹಾಡು ಊರೂರು ಮುಟ್ಟಿತು. ಮಾದಪ್ಪನ ಹಾಡಿಗೆ ಈ ಸೀಮೆಯಲ್ಲಿ ತನ್ನದೇ ಶಾಲೆಯಿದೆ. ಹರಕೆ ಹೊತ್ತ ಮನೆಯವರು ಮಗನನ್ನು ದೇವರಿಗೆ ಬಿಡುತ್ತಾರೆ. ಗುರುವಿನಿಂದ ದೀಕ್ಷೆ ಪಡೆದವನು ದೇವರಗುಡ್ಡನಾಗುತ್ತಾನೆ. ಕೊರಳಿಗೆ ರುದ್ರಾಕ್ಷಿ, ಕೈಗೆ ಕಂಸಾಳೆ. ಎಡ ಅಂಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರ, ಗೊಂಡೆ ಕಟ್ಟಿದ ಚಪ್ಪಟೆ ತಾಳ. ದಾರ ಹಿಡಿದು ಬೀಸಿ ಬಟ್ಟಲಿಗೆ ತಾಕಿಸಬೇಕು. ಬೀಸು ಕಂಸಾಳೆಯಲ್ಲಿ ಕುಣಿಯುತ್ತ, ಬಾಗುತ್ತ, ಪಕ್ಕದವನ ತಾಳಕ್ಕೂ ತಾಕಿಸಬೇಕು, ಲಯ ಒಂದಿಷ್ಟೂ ತಪ್ಪಬಾರದು. ಇರುಳಿಡೀ ಹಾಡುವ ಮಾದೇಶ್ವರ ಕಾವ್ಯವನ್ನು ಬಾಯಿಪಾಠದಲ್ಲೇ ಕಲಿಯಬೇಕು. ಮನೆತನ, ಗುರು, ಕಲಿಕೆ ಮೂರೂ ಇಷ್ಟು ಬಿಗಿಯಾಗಿ ಹೆಣೆದುಕೊಂಡ ಸಂಗೀತ ಶಿಕ್ಷಣ ನಾಡಿನಲ್ಲಿ ಬೇರೆ ಎಷ್ಟಿದ್ದೀತು?

2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ರಘು ಓದಿದ್ದೇನು, ಬೆಳೆದದ್ದೆಲ್ಲಿ ಎಂಬುದು ಇಂದು ಅಭಿಮಾನಿಗಳ ನಾಲಿಗೆ ತುದಿಯಲ್ಲಿದೆ. ಮಾದಪ್ಪನ ಹಾಡನ್ನು ಇಲ್ಲಿವರೆಗೆ ಉಳಿಸಿ ತಂದ ಗುಡ್ಡರ ಬಗ್ಗೆ ಈ ಪ್ರಶ್ನೆಗಳನ್ನು ಕೇಳುವವರು ಕಡಿಮೆ. ಯಾರ ಮಗ, ಯಾರಿಂದ ದೀಕ್ಷೆ, ಯಾವ ಸಾಲನ್ನು ಯಾರ ಬಾಯಿಂದ ಕಲಿತದ್ದು ಎಂಬುದನ್ನು ಹಿರಿಯ ಗುಡ್ಡರು ಇರುವಾಗಲೇ ಅವರ ಎದುರು ಕೂತು ಬರೆದುಕೊಳ್ಳಬೇಕು. ನಂಜನಗೂಡು, ನರಸೀಪುರದ ಹಳ್ಳಿಗಳಿಂದಲೇ ಅದು ಶುರುವಾಗಲಿ.