ನರಸಾಪುರದ ಹಾಜರಿ ಲೆಕ್ಕ ಮತ್ತು ಒಬ್ಬ ಉಪಾಧ್ಯಕ್ಷರ ನಿರ್ಗಮನ

ಹೊಸ ಸ್ಮಾರ್ಟ್‌ಫೋನೊಂದು ಮಾರುಕಟ್ಟೆಗೆ ಬಂದು, ಕೊಂಡವರ ಕೈಯಲ್ಲಿ ಅದರ ದೋಷ ಬಯಲಾಗಿ, ದೂರುಗಳು ಪತ್ರಿಕೆಗಳ ಮುಖಪುಟಕ್ಕೆ ಏರಿದ ಮೇಲೆ ತಯಾರಕ ಕಂಪನಿಯ ಹಿರಿಯ ಅಧಿಕಾರಿಯೊಬ್ಬರು ಹುದ್ದೆ ತೊರೆಯುವುದು ಈ ಉದ್ಯಮದಲ್ಲಿ ಹೊಸತೇನಲ್ಲ. ಅಂಥ ನಿರ್ಗಮನಗಳ ಸಾಲಿಗೆ ಕರ್ನಾಟಕದ ನೆಲದಿಂದ ಸೇರಿದ್ದು ಒಂದಿದೆ. 2020ರ ಡಿಸೆಂಬರ್ 19ರಂದು ತೈವಾನಿನ ವಿಸ್ಟ್ರಾನ್ ಕಂಪನಿಯು ಭಾರತದ ತನ್ನ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ತೆಗೆಯುತ್ತಿರುವುದಾಗಿ ಪ್ರಕಟಿಸಿತು. ಆ ಪ್ರಕಟಣೆಗೆ ಕಾರಣವಾದ ದೋಷ ಫೋನಿನ ಒಳಗೆ ಇರಲಿಲ್ಲ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಆಗಷ್ಟೇ ಕೆಲಸ ಆರಂಭಿಸಿದ್ದ, ಐಫೋನ್ ಜೋಡಿಸುವ ಕಾರ್ಖಾನೆಯಲ್ಲಿ ಕಾರ್ಮಿಕರ ದುಡಿಮೆಯ ಗಂಟೆಗಳನ್ನು ಎಣಿಸುವ ವ್ಯವಸ್ಥೆಯಲ್ಲಿತ್ತು. ಐಟಿಐ ಅಥವಾ ಡಿಪ್ಲೊಮಾ ಮುಗಿಸಿದ ಮಕ್ಕಳಿರುವ ಮನೆಗಳಿಗೆ, ಅವು ಕೋಲಾರದ ಹಳ್ಳಿಗಳವಾಗಲಿ, ಈರೋಡು ಜಿಲ್ಲೆಗೆ ಸೇರಿದ ತಾಳವಾಡಿ ಬೆಟ್ಟಸೀಮೆಯ ತಿಗನಾರೆಯಂಥ ಕನ್ನಡದ ಊರುಗಳವಾಗಲಿ, ಇಂಥ ಕಾರ್ಖಾನೆಗಳ ಒಳಗಿನ ಲೆಕ್ಕಾಚಾರ ಗೊತ್ತಿರಬೇಕಾದ ಸಂಗತಿಯಾಗಿದೆ.

ದೋಷ ವಸ್ತುವಿನಲ್ಲೇ ಇದ್ದಾಗ ಏನಾಗುತ್ತದೆ ಎಂಬುದಕ್ಕೆ ಎಲ್ಲರಿಗೂ ನೆನಪಿರುವ ಉದಾಹರಣೆ 2010ರ ಜೂನ್ 24ರಂದು ಮಾರಾಟಕ್ಕೆ ಬಂದ, ಆಪಲ್ ಕಂಪನಿಯ ಐಫೋನ್ 4. ಅದರ ಅಂಚನ್ನು ಸುತ್ತುವರಿದ ಸ್ಟೀಲ್ ಪಟ್ಟಿಯೇ ಆಂಟೆನಾ ಆಗಿಯೂ, ಎಂದರೆ ಸಿಗ್ನಲ್ ಹಿಡಿಯುವ ಮತ್ತು ಕಳಿಸುವ ಭಾಗವಾಗಿಯೂ, ಕೆಲಸ ಮಾಡುತ್ತಿತ್ತು. ಆ ಪಟ್ಟಿಯ ಎಡಬದಿಯ ಕೆಳಭಾಗದಲ್ಲಿ ಎರಡು ಆಂಟೆನಾಗಳನ್ನು ಬೇರ್ಪಡಿಸುವ ಕೂದಲೆಳೆಯಂಥ ಸೀಳೊಂದಿದ್ದು, ಫೋನನ್ನು ಎಡಗೈಯಲ್ಲಿ ಸಹಜವಾಗಿ ಹಿಡಿದಾಗ ಅಂಗೈ ಅದೇ ಸೀಳನ್ನು ಮುಚ್ಚಿ ಸಿಗ್ನಲ್ ಕುಸಿಯುತ್ತಿತ್ತು. ಜುಲೈ 16ರಂದು ಕಂಪನಿಯ ಆಗಿನ ಮುಖ್ಯಸ್ಥ ಸ್ಟೀವ್ ಜಾಬ್ಸ್ ಪತ್ರಿಕಾಗೋಷ್ಠಿ ಕರೆದು, ಕೊಂಡವರಿಗೆಲ್ಲ ಫೋನಿನ ಹೊರಕವಚವನ್ನು ಉಚಿತವಾಗಿ ಕೊಡುವುದಾಗಿ ಹೇಳಿದರು. ಆಗಸ್ಟ್‌ನಲ್ಲಿ ಯಂತ್ರಾಂಶ ವಿಭಾಗದ ಹಿರಿಯ ಉಪಾಧ್ಯಕ್ಷ ಮಾರ್ಕ್ ಪೇಪರ್‌ಮಾಸ್ಟರ್ ಕಂಪನಿ ಬಿಟ್ಟರು. ಆಂಟೆನಾ ಕಾರಣದಿಂದಲೇ ಅವರು ಹೋದರು ಎಂದು ಆಪಲ್ ಹೇಳಲಿಲ್ಲವಾದರೂ ಲೋಕ ಹಾಗೆಯೇ ತಿಳಿಯಿತು. 2012ರಲ್ಲಿ ಐಫೋನ್ 5ರ ಜೊತೆಗೆ ಬಂದ ಆಪಲ್‌ನ ಸ್ವಂತ ನಕ್ಷೆಗಳು ಊರು, ರಸ್ತೆ, ಸೇತುವೆಗಳನ್ನು ತಪ್ಪಾಗಿ ತೋರಿಸಿದಾಗಲೂ ಹೀಗೆಯೇ ಆಯಿತು: ಸೆಪ್ಟೆಂಬರ್ 28ರಂದು ಆಗಿನ ಮುಖ್ಯಸ್ಥ ಟಿಮ್ ಕುಕ್ ಕ್ಷಮೆ ಕೇಳಿ ಪತ್ರ ಬರೆದರು, ಅಕ್ಟೋಬರ್ 29ರಂದು ತಂತ್ರಾಂಶದ ಮುಖ್ಯಸ್ಥ ಸ್ಕಾಟ್ ಫಾರ್‌ಸ್ಟಾಲ್ ಹೊರಹೋಗುವ ಸುದ್ದಿ ಬಂತು. ಬ್ಯಾಟರಿಗೆ ಬೆಂಕಿ ಹತ್ತಿಕೊಳ್ಳುತ್ತಿದ್ದ ಸ್ಯಾಮ್‌ಸಂಗ್ ಗೆಲಾಕ್ಸಿ ನೋಟ್ 7ರ ಪ್ರಸಂಗ ಮಾತ್ರ ಬೇರೆ ದಾರಿ ಹಿಡಿಯಿತು. 2016ರ ಅಕ್ಟೋಬರ್‌ನಲ್ಲಿ ಆ ಮಾದರಿಯ ತಯಾರಿಕೆಯನ್ನೇ ನಿಲ್ಲಿಸಿದ ಮೇಲೂ ಮೊಬೈಲ್ ವಿಭಾಗದ ಮುಖ್ಯಸ್ಥ ಕೋ ಡಾಂಗ್-ಜಿನ್ ಹುದ್ದೆಯಲ್ಲೇ ಉಳಿದು, ಸುಮಾರು 700 ತಂತ್ರಜ್ಞರಿಂದ 2,00,000 ಫೋನುಗಳ ಪರೀಕ್ಷೆ ಮಾಡಿಸಿ, ಇಬ್ಬರು ಪೂರೈಕೆದಾರರ ಬ್ಯಾಟರಿಗಳಲ್ಲಿ ಬೇರೆಬೇರೆ ಬಗೆಯ ದೋಷವಿತ್ತೆಂದು 2017ರ ಜನವರಿಯಲ್ಲಿ ತಾವೇ ನಿಂತು ವಿವರಿಸಿದರು. ದೋಷದ ಮೂಲವನ್ನು ಕೊನೆಯವರೆಗೆ ಹುಡುಕಿ ಜನರ ಮುಂದಿಡುವುದೇ ಹೊಣೆಗಾರಿಕೆಯಾದರೆ, ಹೊರಟುಹೋದವರಿಗಿಂತ ಉಳಿದು ಉತ್ತರ ಕೊಟ್ಟವರೇ ಹೆಚ್ಚು ಹೊತ್ತರು ಎನ್ನಬೇಕಾಗುತ್ತದೆ.

ನರಸಾಪುರದಲ್ಲಿ ಇಂಥ ಉತ್ತರವನ್ನು ಕೇಳಬೇಕಾದವರು ಫೋನ್ ಕೊಂಡವರಲ್ಲ, ಅದನ್ನು ಜೋಡಿಸಿದವರು. ಆಪಲ್ ತನ್ನ ಫೋನುಗಳನ್ನು ತಾನೇ ತಯಾರಿಸುವುದಿಲ್ಲ. ವಿನ್ಯಾಸ ತನ್ನದಾಗಿ, ಬಿಡಿಭಾಗಗಳನ್ನು ಜೋಡಿಸುವ ಕೆಲಸವನ್ನು ಆಗ ಫಾಕ್ಸ್‌ಕಾನ್, ಪೆಗಾಟ್ರಾನ್, ವಿಸ್ಟ್ರಾನ್‌ನಂಥ ಕಂಪನಿಗಳಿಗೆ ವಹಿಸಿತ್ತು. ಭಾರತದಲ್ಲಿ ಮೊದಲ ಐಫೋನುಗಳು ಜೋಡಣೆಯಾದದ್ದು 2017ರಲ್ಲಿ, ಬೆಂಗಳೂರಿನ ಪೀಣ್ಯದಲ್ಲಿದ್ದ ವಿಸ್ಟ್ರಾನ್‌ನ ಘಟಕದಲ್ಲಿ. ಅದಕ್ಕಿಂತ ಬಹಳ ದೊಡ್ಡದಾದ ನರಸಾಪುರದ ಕಾರ್ಖಾನೆಗೆ ರಾಜ್ಯ ಸರ್ಕಾರ 43 ಎಕರೆ ಕೊಟ್ಟಿತು, 2020ರಲ್ಲಿ ಉತ್ಪಾದನೆ ಆರಂಭವಾಯಿತು. ಅದೇ ವರ್ಷ ಕೇಂದ್ರ ಸರ್ಕಾರವು ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಯೋಜನೆಯನ್ನು ತಂದಿತ್ತು. 2019-20ರಲ್ಲಿ ಮಾಡಿದ್ದಕ್ಕಿಂತ ಹೆಚ್ಚುವರಿಯಾಗಿ ತಯಾರಿಸಿ ಮಾರಿದ ಸರಕಿನ ಮೌಲ್ಯದ ಮೇಲೆ ಶೇಕಡಾ 4ರಿಂದ 6ರಷ್ಟು ಹಣವನ್ನು ಕಂಪನಿಗೆ ಕೊಡುವ ಆ ಯೋಜನೆಗೆ ಅಕ್ಟೋಬರ್‌ನಲ್ಲಿ ಆಯ್ಕೆಯಾದವರಲ್ಲಿ ವಿಸ್ಟ್ರಾನ್ ಕೂಡ ಇತ್ತು. ಚಿನ್ನದ ಗಣಿ 2001ರಲ್ಲಿ ಮುಚ್ಚಿದ್ದನ್ನು ಕಂಡ, ಸದಾ ಹರಿಯುವ ಹೊಳೆಯೊಂದೂ ಇಲ್ಲದ ಜಿಲ್ಲೆಯಲ್ಲಿ ಹೀಗೆ ಸಾವಿರಾರು ಮಂದಿಗೆ ಕೆಲಸ ಕೊಡುವ ಕಾರ್ಖಾನೆ ಬಂದಾಗ ಹುಟ್ಟಿದ ಆಸೆ ಸಣ್ಣದಾಗಿರಲಿಲ್ಲ.

ಡಿಸೆಂಬರ್ 12ರ ಶನಿವಾರ ಬೆಳಿಗ್ಗೆ, ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ, ಸಂಬಳದ ವಿಷಯವಾಗಿ ಎದ್ದ ಮಾತು ಹಿಂಸೆಗೆ ತಿರುಗಿತು. ಗಾಜುಗಳು ಒಡೆದವು, ವಾಹನಗಳು ಮಗುಚಿಬಿದ್ದವು, ಬೆಂಕಿಯೂ ಬಿತ್ತು. ಪೊಲೀಸರಿಗೆ ಕೊಟ್ಟ ದೂರಿನಲ್ಲಿ ಕಂಪನಿಯು ನಷ್ಟವನ್ನು 437 ಕೋಟಿ ರೂಪಾಯಿ ಎಂದು ಬರೆದಿತ್ತು. ತೈವಾನಿನ ಷೇರುಪೇಟೆಗೆ ಕೊಟ್ಟ ಮಾಹಿತಿಯಲ್ಲಿ ಅದು ಅಲ್ಲಿನ 10ರಿಂದ 20 ಕೋಟಿ ಡಾಲರ್, ಎಂದರೆ ಸುಮಾರು 26ರಿಂದ 52 ಕೋಟಿ ರೂಪಾಯಿಗೆ ಇಳಿಯಿತು. ನೂರೈವತ್ತಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಆ ಬೆಳಗಿನ ಧ್ವಂಸವನ್ನು ಸಮರ್ಥಿಸಲು ಬರುವುದಿಲ್ಲ, ಅದರ ಬೆಲೆಯನ್ನು ತೆತ್ತವರಲ್ಲಿ ಕಲ್ಲೆತ್ತದೆ ಕೆಲಸಕ್ಕೆ ಕಾದು ಕುಳಿತವರೇ ಹೆಚ್ಚು. ಆದರೆ ಅದರ ಹಿಂದಿನ ಎರಡು ತಿಂಗಳನ್ನು ನೋಡದೆ ಅದನ್ನು ಅರ್ಥಮಾಡಿಕೊಳ್ಳುವುದೂ ಆಗುವುದಿಲ್ಲ.

ರಾಜ್ಯದ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಅಧಿಕಾರಿಗಳು ಸ್ಥಳಕ್ಕೆ ಹೋಗಿ ಸಿದ್ಧಪಡಿಸಿದ ವರದಿ ಆ ಎರಡು ತಿಂಗಳ ಮೇಲೆ ಬೆಳಕು ಚೆಲ್ಲಿತು. 5,000 ಕಾರ್ಮಿಕರಿಗೆ ಅನುಮತಿ ಪಡೆದಿದ್ದ ಕಾರ್ಖಾನೆಯಲ್ಲಿ ಅಲ್ಪಕಾಲದಲ್ಲೇ 10,500 ಮಂದಿ ಸೇರಿದ್ದರು. ಅಷ್ಟು ಜನರನ್ನು ನೋಡಿಕೊಳ್ಳುವ ಶಕ್ತಿಯಾಗಲಿ, ಕಾರ್ಮಿಕ ಕಾನೂನಿನ ತಿಳಿವಳಿಕೆಯಾಗಲಿ ಸಿಬ್ಬಂದಿ ವಿಭಾಗಕ್ಕೆ ಇರಲಿಲ್ಲ. ಅಕ್ಟೋಬರ್‌ನಲ್ಲಿ 8 ಗಂಟೆಯ ಪಾಳಿಯನ್ನು 12 ಗಂಟೆಗೆ ಬದಲಾಯಿಸಲಾಯಿತು, ಆದರೆ ಬದಲಾವಣೆಯನ್ನು ಕಾರ್ಮಿಕರಿಗೆ ಸರಿಯಾಗಿ ತಿಳಿಸಿರಲಿಲ್ಲ; ಹಾಜರಿ ದಾಖಲಿಸುವ ಯಂತ್ರವ್ಯವಸ್ಥೆ ಹೊಸ ಪಾಳಿಗೆ ತಕ್ಕಂತೆ ಎಣಿಸಲು ಸೋತಿತು, ಸೋತದ್ದು ಗೊತ್ತಾದ ಮೇಲೂ ಅದನ್ನು ಸರಿಪಡಿಸಲಿಲ್ಲ.

ಹಾಜರಿಯ ತಪ್ಪು ಸಂಬಳದ ತಪ್ಪಾಗುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗೇಟಿನ ಬಳಿ ಕಾರ್ಮಿಕ ತನ್ನ ಕಾರ್ಡನ್ನೋ ಬೆರಳನ್ನೋ ಯಂತ್ರಕ್ಕೆ ಒತ್ತಿ ಒಳಹೋಗುತ್ತಾನೆ, ಪಾಳಿ ಮುಗಿದಾಗ ಮತ್ತೆ ಒತ್ತಿ ಹೊರಬರುತ್ತಾನೆ. ಇವೆರಡರ ನಡುವಿನ ಅಂತರವೇ ಅವನ ದಿನದ ದುಡಿಮೆ. ಆಗ ಜಾರಿಯಲ್ಲಿದ್ದ ಕಾರ್ಖಾನೆಗಳ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ದಾಟಿದ ಕೆಲಸಕ್ಕೆ ಮಾಮೂಲಿ ದರದ ಎರಡರಷ್ಟು ಕೂಲಿ ಕೊಡಬೇಕು, ಕಾರ್ಮಿಕರ ಬಾಯಲ್ಲಿ ಇದೇ ಓಟಿ. ರಾತ್ರಿ ಪಾಳಿಯವನು ಒಂದು ತಾರೀಕಿನಲ್ಲಿ ಒಳಬಂದು ಮರು ತಾರೀಕಿನಲ್ಲಿ ಹೊರಹೋಗುತ್ತಾನೆ. 8 ಗಂಟೆಯ ಮೂರು ಪಾಳಿಗಳಿಗೆ ಹೊಂದಿಸಿದ ವ್ಯವಸ್ಥೆಯ ಮುಂದೆ 12 ಗಂಟೆಯ ಎರಡು ಪಾಳಿಗಳು ಬಂದು ನಿಂತರೆ, ಕೊನೆಯ ನಾಲ್ಕು ಗಂಟೆಗಳು ಲೆಕ್ಕದಿಂದ ಬಿಟ್ಟುಹೋಗಬಹುದು, ಒತ್ತಿದ ಗುರುತು ಜೋಡಿಯಾಗದೆ ಇಡೀ ದಿನವೇ ಗೈರುಹಾಜರಿಯಾಗಬಹುದು. ಹೀಗೆ ಬಿಟ್ಟುಹೋಗುವ ಕೊನೆಯ ಗಂಟೆಗಳಲ್ಲಿ ಹೆಚ್ಚಿನವು ದುಬಾರಿ ದರದ ಗಂಟೆಗಳೇ ಆಗಿರುವುದರಿಂದ ಪೆಟ್ಟು ಇನ್ನೂ ಜೋರಾಗಿ ಬೀಳುತ್ತದೆ.

ಆ ಲೆಕ್ಕ ಗೇಟಿನಿಂದ ಕಾರ್ಮಿಕನ ಬ್ಯಾಂಕ್ ಖಾತೆಗೆ ಬರುವ ದಾರಿಯೂ ನೇರವಾಗಿರಲಿಲ್ಲ. ಕಾರ್ಖಾನೆಯಲ್ಲಿ ಕಂಪನಿಯ ಸ್ವಂತ ನೌಕರರು ಸುಮಾರು 1,300 ಮಂದಿ ಮಾತ್ರ. ಸುಮಾರು 8,500 ಮಂದಿ ಆರು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆ ಕಾರ್ಮಿಕರು. ಇಂಥ ಏರ್ಪಾಡಿನಲ್ಲಿ ದುಡಿಮೆಯ ಮೇಲ್ವಿಚಾರಣೆ ಒಬ್ಬರದು, ಸಂಬಳದ ಪಟ್ಟಿ ಇನ್ನೊಬ್ಬರದು. ಕಂಪನಿಯು ಹಾಜರಿಯ ಪಟ್ಟಿಯನ್ನು ಏಜೆನ್ಸಿಗೆ ಕಳಿಸಬೇಕು, ಏಜೆನ್ಸಿ ಅದರ ಮೇಲೆ ಕೂಲಿ ಲೆಕ್ಕ ಹಾಕಿ ಬಿಲ್ಲು ಮಾಡಬೇಕು, ಆಮೇಲೆ ಹಣ ಕಾರ್ಮಿಕನಿಗೆ ತಲುಪಬೇಕು. ಸಂಬಳ ಕಡಿಮೆ ಬಂತೆಂದು ಕೇಳಲು ಹೋದವನಿಗೆ ಮೇಲ್ವಿಚಾರಕ ಏಜೆನ್ಸಿಯನ್ನು ತೋರಿಸುತ್ತಾನೆ, ಏಜೆನ್ಸಿಯವರು ಕಂಪನಿಯಿಂದ ಬಂದ ಪಟ್ಟಿಯನ್ನು ತೋರಿಸುತ್ತಾರೆ. ತಿಂಗಳಿಗೆ 21,000 ರೂಪಾಯಿ ಎಂದು ಹೇಳಿ ಸೇರಿಸಿಕೊಂಡ ಇಂಜಿನಿಯರಿಂಗ್ ಪದವೀಧರರಿಗೆ ಮೊದಲು 16,000, ಆಮೇಲೆ 12,000 ಬಂತೆಂಬ ಕಾರ್ಮಿಕರ ದೂರುಗಳು ಆಗ ಪತ್ರಿಕೆಗಳಲ್ಲಿ ಬಂದಿದ್ದವು.

ಗಲಭೆಯಾದ ಒಂದು ವಾರದಲ್ಲಿ ಆಪಲ್ ಮತ್ತು ವಿಸ್ಟ್ರಾನ್ ಎರಡೂ ಹೇಳಿಕೆ ಕೊಟ್ಟವು. ಕೆಲಸದ ಗಂಟೆಗಳನ್ನು ನಿರ್ವಹಿಸುವ ಸರಿಯಾದ ಕ್ರಮಗಳಿಲ್ಲದೆ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಕೆಲವು ಕಾರ್ಮಿಕರಿಗೆ ಸಂಬಳ ತಡವಾಯಿತೆಂದು ಆಪಲ್‌ನ ಪ್ರಾಥಮಿಕ ತನಿಖೆ ಕಂಡುಕೊಂಡಿತು. ಅದರ ಮೇಲೆ ಆಪಲ್ ವಿಸ್ಟ್ರಾನನ್ನು ನಿಗಾದ ಅವಧಿಗೆ ಒಳಪಡಿಸಿ, ತಪ್ಪುಗಳನ್ನು ಸರಿಪಡಿಸುವವರೆಗೆ ಹೊಸ ಕೆಲಸ ಕೊಡುವುದಿಲ್ಲವೆಂದಿತು. ವಿಸ್ಟ್ರಾನ್ ಕಾರ್ಮಿಕರ ಕ್ಷಮೆ ಕೇಳಿತು, ಕಾರ್ಖಾನೆಯನ್ನು ವಿಸ್ತರಿಸುವಾಗ ತಪ್ಪುಗಳಾದವೆಂದು ಒಪ್ಪಿಕೊಂಡಿತು, ಉಪಾಧ್ಯಕ್ಷರನ್ನು ತೆಗೆಯುತ್ತಿರುವುದಾಗಿ ಹೇಳಿತು, ಜೊತೆಗೆ ಕನ್ನಡ, ತೆಲುಗು, ತಮಿಳು, ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಹೆಸರು ಹೇಳದೆಯೇ ದೂರು ಕೊಡಬಹುದಾದ 24 ಗಂಟೆಯ ಸಹಾಯವಾಣಿಯನ್ನು ತೆರೆಯಿತು. ಸುದ್ದಿಯಾದದ್ದು ಉಪಾಧ್ಯಕ್ಷರ ನಿರ್ಗಮನ. ಕಾರ್ಮಿಕನ ದೃಷ್ಟಿಯಿಂದ ನೋಡಿದರೆ ಆ ಪ್ರಕಟಣೆಯಲ್ಲಿ ಅತ್ಯಂತ ತೂಕವಿದ್ದದ್ದು ಸಹಾಯವಾಣಿಯ ಸಾಲಿಗೆ, ಏಕೆಂದರೆ ತನ್ನ ನುಡಿಯಲ್ಲಿ, ಮೇಲ್ವಿಚಾರಕನನ್ನೂ ಏಜೆನ್ಸಿಯನ್ನೂ ದಾಟಿ ದೂರು ಹೇಳುವ ದಾರಿ ಅವನಿಗೆ ಅಕ್ಟೋಬರ್‌ನಲ್ಲೇ ಬೇಕಾಗಿತ್ತು.

ಈ ಕೊರತೆಯನ್ನು ಗಲಭೆಗೆ ಐವತ್ತು ವರ್ಷಗಳ ಮೊದಲೇ ಕಾನೂನು ಊಹಿಸಿತ್ತೆಂಬುದು ಗಮನಿಸಬೇಕಾದ ವಿಷಯ. ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯು ಯಾರ ಕಾರ್ಖಾನೆಯಲ್ಲಿ ಕೆಲಸ ನಡೆಯುತ್ತದೆಯೋ ಅವರನ್ನು ಪ್ರಧಾನ ಉದ್ಯೋಗದಾತ ಎಂದು ಕರೆದು, ಗುತ್ತಿಗೆದಾರ ಸಂಬಳ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ಬಾಕಿಯನ್ನು ಪ್ರಧಾನ ಉದ್ಯೋಗದಾತನೇ ತೀರಿಸಿ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕೆಂದು 21ನೆಯ ಪ್ರಕರಣದಲ್ಲಿ ಹೇಳಿತ್ತು. ಅದೇ ಪ್ರಕರಣ ಇನ್ನೂ ಒಂದು ಮಾತು ಸೇರಿಸಿತ್ತು: ಗುತ್ತಿಗೆದಾರ ಸಂಬಳ ಹಂಚುವಾಗ ಪ್ರಧಾನ ಉದ್ಯೋಗದಾತನ ಪ್ರತಿನಿಧಿಯೊಬ್ಬ ಅಲ್ಲಿ ಹಾಜರಿದ್ದು, ಕೊಟ್ಟ ಮೊತ್ತ ಸರಿಯಿದೆಯೆಂದು ದೃಢೀಕರಿಸಬೇಕು. ನೋಟುಗಳನ್ನು ಮೇಜಿನ ಮೇಲೆ ಎಣಿಸಿ ಕೊಡುತ್ತಿದ್ದ ಕಾಲಕ್ಕೆ ಬರೆದ ಮಾತದು. ಸಂಬಳ ನೇರವಾಗಿ ಬ್ಯಾಂಕ್ ಖಾತೆಗೆ ಬೀಳುವಂತಾದ ಮೇಲೆ ಮೇಜೂ ಹೋಯಿತು, ಮೇಜಿನ ಪಕ್ಕದಲ್ಲಿ ನಿಂತು ಕೇಳಿದ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಬೇಕಾಗಿದ್ದ ಮನುಷ್ಯನೂ ಹೋದ. ಕಂಪನಿ ಶಿಖರದಿಂದ ಒಬ್ಬರನ್ನು ಇಳಿಸಿತು. ಬುಡದಲ್ಲಿ ಇರಬೇಕಾಗಿದ್ದ ಆ ಒಬ್ಬನ ಜಾಗ ಖಾಲಿಯಿದ್ದದ್ದೇ ನರಸಾಪುರದ ನಿಜವಾದ ದೋಷ.

ತಿಗನಾರೆ ಸೇರಿರುವ ತಮಿಳುನಾಡಿನಲ್ಲಿ ಸರಿಯಾಗಿ ಒಂದು ವರ್ಷದ ನಂತರ ಇದರದೇ ಇನ್ನೊಂದು ರೂಪ ಕಂಡಿತು. 2021ರ ಡಿಸೆಂಬರ್‌ನಲ್ಲಿ ಶ್ರೀಪೆರಂಬುದೂರಿನ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಐಫೋನ್ ಜೋಡಿಸುತ್ತಿದ್ದ ಹೆಣ್ಣುಮಕ್ಕಳಲ್ಲಿ 250ಕ್ಕೂ ಹೆಚ್ಚು ಮಂದಿ ಹಾಸ್ಟೆಲ್ಲಿನ ಊಟದಿಂದ ಅಸ್ವಸ್ಥರಾದರು, ನೂರೈವತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. 18ರಂದು ಅವರ ಸಹೋದ್ಯೋಗಿಗಳು ಚೆನ್ನೈ–ಬೆಂಗಳೂರು ಹೆದ್ದಾರಿಯಲ್ಲಿ ಕುಳಿತರು. ಊಟ ಮತ್ತು ವಸತಿಯ ಸ್ಥಿತಿ ತನ್ನ ಮಟ್ಟಕ್ಕಿರಲಿಲ್ಲವೆಂದು ಆಪಲ್ ಒಪ್ಪಿತು, ಸ್ಥಳೀಯ ಆಡಳಿತ ತಂಡವನ್ನು ಪುನರ್‌ರಚಿಸುವುದಾಗಿ ಫಾಕ್ಸ್‌ಕಾನ್ ಹೇಳಿತು, ಮುಚ್ಚಿದ್ದ ಕಾರ್ಖಾನೆ 2022ರ ಜನವರಿ 12ರಂದು ತೆರೆಯಿತು. ಇಲ್ಲಿಯೂ ಕಾರ್ಖಾನೆ, ಕಾರ್ಮಿಕರನ್ನು ಒದಗಿಸುವವರು, ಹಾಸ್ಟೆಲ್ ನಡೆಸುವವರು ಬೇರೆಬೇರೆಯಾಗಿದ್ದು, ಕೊಳೆತ ಊಟದ ತಟ್ಟೆ ಯಾರ ಹೊಣೆ ಎಂಬುದು ಹೆದ್ದಾರಿ ಬಂದ್ ಆಗುವವರೆಗೂ ತೀರ್ಮಾನವಾಗಲಿಲ್ಲ.

ನರಸಾಪುರದ ಕಾರ್ಖಾನೆ 2021ರ ಆರಂಭದಲ್ಲಿ ಮತ್ತೆ ತೆರೆಯಿತು. 2023ರ ಅಕ್ಟೋಬರ್‌ನಲ್ಲಿ ವಿಸ್ಟ್ರಾನ್ ಅದನ್ನು ಸುಮಾರು 12.5 ಕೋಟಿ ಅಮೆರಿಕನ್ ಡಾಲರ್‌ಗೆ ಟಾಟಾ ಎಲೆಕ್ಟ್ರಾನಿಕ್ಸ್‌ಗೆ ಮಾರಲು ಒಪ್ಪಿತು, ಹಾಗೆ ಐಫೋನ್ ಜೋಡಿಸುವ ಮೊದಲ ಭಾರತೀಯ ಕಂಪನಿ ಕೋಲಾರದಲ್ಲಿ ನೆಲೆಗೊಂಡಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಕರ್ನಾಟಕದ ವಿಧಾನಮಂಡಲವು ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯನ್ನು ಉಳಿಸಿಕೊಂಡೇ, ಕಾರ್ಮಿಕನ ಒಪ್ಪಿಗೆಯ ಮೇಲೆ ದಿನಕ್ಕೆ 12 ಗಂಟೆಯ ಪಾಳಿಗೂ, ಸುರಕ್ಷತೆಯ ಷರತ್ತುಗಳೊಂದಿಗೆ ಹೆಣ್ಣುಮಕ್ಕಳ ರಾತ್ರಿ ಪಾಳಿಗೂ ಅವಕಾಶ ಕೊಟ್ಟಿತು. 2020ರ ಅಕ್ಟೋಬರ್‌ನಲ್ಲಿ ಗೊಂದಲ ಎಬ್ಬಿಸಿದ್ದ ಪಾಳಿ 2023ರಲ್ಲಿ ಹೀಗೆ ಕಾನೂನಿನೊಳಗೆ ಬಂದದ್ದರಿಂದ, ವಾರದ 48 ಗಂಟೆ ತುಂಬಿದ ಮೇಲೆ ದುಡಿದ ಪ್ರತಿ ಗಂಟೆಯೂ ಎರಡರಷ್ಟು ದರದ್ದೆಂಬುದನ್ನು ಕಾರ್ಮಿಕನೂ ಅವನ ಮನೆಯವರೂ ತಿಳಿದಿರಬೇಕಾಗಿದೆ. ನೇಮಕದ ಪತ್ರದಲ್ಲಿರುವುದು ಕಂಪನಿಯ ಹೆಸರೋ ಏಜೆನ್ಸಿಯ ಹೆಸರೋ, ಸಂಬಳ ಚೀಟಿಯಲ್ಲಿ ಮಾಮೂಲಿ ಗಂಟೆ ಮತ್ತು ಓಟಿ ಗಂಟೆ ಬೇರೆಬೇರೆಯಾಗಿ ನಮೂದಾಗಿವೆಯೋ ಇಲ್ಲವೋ, ಭವಿಷ್ಯನಿಧಿಯ ಖಾತೆಗೆ ಆ ತಿಂಗಳ ವಂತಿಗೆ ಸೇರಿದೆಯೋ ಇಲ್ಲವೋ ಎಂಬುದನ್ನು ಮೊದಲ ತಿಂಗಳ ಸಂಬಳ ಬಂದ ದಿನವೇ ನೋಡಿ, ತಾನೇ ಬರೆದಿಟ್ಟುಕೊಂಡ ಪಾಳಿಗಳ ಲೆಕ್ಕದೊಂದಿಗೆ ತಾಳೆಹಾಕಿ, ಹೊಂದದಿದ್ದರೆ ಏಜೆನ್ಸಿಗೂ ಕಾರ್ಖಾನೆಯ ಸಿಬ್ಬಂದಿ ವಿಭಾಗಕ್ಕೂ ಒಟ್ಟಿಗೇ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಅಲ್ಲಿಯೂ ಕೆಲಸವಾಗದಿದ್ದರೆ ಕಾರ್ಮಿಕ ಇಲಾಖೆಯ ನಿರೀಕ್ಷಕರ ಮುಂದೆ ಇಡಲು ಆ ಸ್ವೀಕೃತಿಯೇ ಮೊದಲ ದಾಖಲೆಯಾಗುತ್ತದೆ.